ಹದಿನೈದು ಎಂದು ಒತ್ತಿದ ಕೈ

ಕಳೆದ ವರ್ಷ ಯುಗಾದಿ ಮುಗಿದ ವಾರವೇ ಪಿಲ್ಲಗುಂಪೆಯ ನಮ್ಮ ವರ್ಕ್‌ಶಾಪಿಗೆ ಸಿಎನ್‌ಸಿ ಲೇತ್, ಅಂದರೆ ಕಂಬಿಯನ್ನು ತಿರುಗಿಸುತ್ತಾ ಕಂಪ್ಯೂಟರ್ ಹೇಳಿದಂತೆ ಕೆತ್ತುವ ಯಂತ್ರ, ಬಂದಿಳಿಯಿತು. ಮದುವೆಗೆ ಮುಂಚಿನಿಂದ ನಾನು ಕೈಯಲ್ಲಿ ಚಕ್ರ ತಿರುಗಿಸಿ ಓಡಿಸುತ್ತಿದ್ದ ಹಳೆಯ ಲೇತನ್ನು ಗುಜರಿಯವರು ಎತ್ತಿಕೊಂಡು ಹೋದರು. ಯಜಮಾನರು ಕರೆದು, "ನಾರಾಯಣಪ್ಪ, ಶಬಾನಾ ಹೇಳ್ಕೊಡ್ತಾಳೆ, ಕಲ್ತ್ಕೋ. ಕಲಿತ್ರೆ ಆಪರೇಟರ್ ನೀನೇ. ಆಗ್ಲಿಲ್ಲ ಅಂದ್ರೆ ಬೇರೆಯವ್ರನ್ನ ತಗೋಬೇಕಾಗುತ್ತೆ" ಅಂದರು. ಅವರು ಮುಚ್ಚುಮರೆಯಿಲ್ಲದ ಮನುಷ್ಯ.

ಶಬಾನಾ ಹೊಸಕೋಟೆಯವಳು, ಡಿಪ್ಲೊಮಾ ಓದಿದವಳು, ನನ್ನ ಮಗಳ ವಯಸ್ಸು. "ಅಂಕಲ್, ಇದ್ರಲ್ಲಿ ಚಕ್ರ ತಿರುಗ್ಸೋದು ಏನಿಲ್ಲ. ಕತ್ತರಿಸೋ ಟೂಲು ಎಲ್ಲಿಗೆ ಹೋಗ್ಬೇಕು, ಎಷ್ಟು ಸ್ಪೀಡಲ್ಲಿ ಹೋಗ್ಬೇಕು ಅಂತ ಒಂದೊಂದೇ ಸಾಲು ಟೈಪ್ ಮಾಡ್ಬೇಕು ಅಷ್ಟೆ" ಎಂದು ಶುರುಮಾಡಿದಳು. ಜಿ ಸೊನ್ನೆ ಅಂದರೆ ವೇಗವಾಗಿ ಹೋಗು, ಜಿ ಒಂದು ಅಂದರೆ ಕತ್ತರಿಸುತ್ತಾ ಹೋಗು. ಬಸ್ಸಿನಲ್ಲೂ ಬಾಯಿಪಾಠ ಮಾಡುತ್ತಿದ್ದೆ. "ನಿದ್ದೇಲೂ ಜಿ, ಜಿ ಅಂತೀರಲ್ರೀ, ಯಾರ್ರೀ ಅದು?" ಎಂದು ಹೆಂಡತಿ ರೇಗಿಸುತ್ತಿದ್ದಳು.

ನನಗೆ ತೊಡಕಾಗಿದ್ದು ಒಂದೇ ವಿಷಯ. ಹಳೆಯ ಲೇತ್‌ನಲ್ಲಿ ಟೂಲು ಒಂದು ಮಿಲಿಮೀಟರ್ ಒಳಗೆ ಹೋದರೆ ತಿರುಗುವ ಕಂಬಿ ಎರಡೂ ಬದಿ ಸವೆದು ದಪ್ಪ ಎರಡು ಮಿಲಿಮೀಟರ್ ಇಳಿಯುತ್ತಿತ್ತು. ಹಾಗಾಗಿ ಏನೇ ಅಳತೆ ಕೊಟ್ಟರೂ ಮನಸ್ಸಿನಲ್ಲಿ ಅರ್ಧ ಮಾಡಿಕೊಂಡೇ ಚಕ್ರ ತಿರುಗಿಸುತ್ತಿದ್ದೆ. ಹೊಸ ಮಿಷನ್ನಿಗೆ ಪೂರ್ತಿ ದಪ್ಪವನ್ನೇ ಹೇಳಬೇಕು, ಅರ್ಧ ಮಾಡುವುದನ್ನು ಅದೇ ನೋಡಿಕೊಳ್ಳುತ್ತದೆ. "ಅರ್ಧ ಮಾಡ್ಬೇಡಿ ಅಂಕಲ್" ಎಂದು ಶಬಾನಾ ದಿನಾ ಹೇಳುವಳು. ದಿನಾ ತಲೆಯಾಡಿಸುತ್ತಿದ್ದೆ.

ಪರೀಕ್ಷೆಯ ದಿನ ಬಂತು. ನಲವತ್ತು ಮಿಲಿಮೀಟರ್ ದಪ್ಪದ ಕಂಬಿಯನ್ನು ಮೂವತ್ತಕ್ಕೆ ಇಳಿಸಬೇಕು. ಯಜಮಾನರು ಕೈಕಟ್ಟಿ ನಿಂತಿದ್ದರು. ಒಂದೊಂದೇ ಸಾಲು ಟೈಪ್ ಮಾಡಿದೆ. ಮೊದಲು ಸ್ಕ್ರೀನಿನ ಮೇಲೆ ಓಡಿಸಿ ನೋಡುವುದು ಪದ್ಧತಿ. ಅವರನ್ನು ಕಾಯಿಸುವುದೇಕೆಂದು ಮಿಷನ್ನಿನ ಬಾಗಿಲು ಮುಚ್ಚಿ ನೇರವಾಗಿ ಹಸಿರು ಗುಂಡಿ ಒತ್ತಿಬಿಟ್ಟೆ.

ಟೂಲು ಅಷ್ಟು ಆಳಕ್ಕೆ ನುಗ್ಗಿದಾಗಲೇ ಗೊತ್ತಾಯಿತು, ಹಳೇ ಅಭ್ಯಾಸದಲ್ಲಿ ಅರ್ಧ ಮಾಡಿಬಿಟ್ಟಿದ್ದೆ. ಮೂವತ್ತು ಇರಬೇಕಾದ ಕಡೆ ಹದಿನೈದು ಹಾಕಿದ್ದೆ. ದೊಡ್ಡ ಸದ್ದಾಯಿತು. ಟೂಲು ಮುರಿಯಿತು, ಕಂಬಿ ಕಿತ್ತು ಬಂದು ಬಾಗಿಲಿಗೆ ಬಡಿಯಿತು. ಶಬಾನಾ ಓಡಿ ಬಂದು ಮಿಷನ್ ನಿಲ್ಲಿಸುವ ಕೆಂಪು ಗುಂಡಿ ಒತ್ತಿದಳು. ನನ್ನ ಕೈ ಮೇಲೇಳಲೇ ಇಲ್ಲ.

ಯಜಮಾನರು ಬೈಯಲಿಲ್ಲ. "ಯಾರಿಗೂ ಏಟಾಗ್ಲಿಲ್ವಲ್ಲ, ಬಿಡು" ಎಂದು ಆಫೀಸಿಗೆ ಹೋದರು. ಇನ್ನೊಂದು ಅವಕಾಶ ಕೇಳದೆ ಮುರಿದ ಟೂಲಿನ ಚೂರುಗಳನ್ನು ಆರಿಸತೊಡಗಿದೆ. ಶಬಾನಾ ಕಣ್ಣೊರೆಸಿಕೊಳ್ಳುತ್ತಿದ್ದಳು. "ಏನೂ ಗೊತ್ತಿಲ್ದೋರ್ಗೆ ಕಲಿಸಿಬಿಡ್ತೀನಿ ಅಂಕಲ್. ಗೊತ್ತಿರೋದನ್ನ ಮರೆಸೋದು ಹೆಂಗೆ ಅಂತ ನಂಗೆ ಗೊತ್ತಾಗ್ಲಿಲ್ಲ" ಅಂದಳು. ಸಮಾಧಾನಕ್ಕೆಂದೇ ಹೇಳಿದ ಮಾತು ಅದು. ಅದರಷ್ಟು ನೋವು ಆ ಸದ್ದೂ ಕೊಟ್ಟಿರಲಿಲ್ಲ.

ಈಗ ಅಲ್ಲೇ, ಹೊಸ ಮಿಷನ್ನಿನಿಂದ ಬಂದ ಪೀಸುಗಳ ಎಣ್ಣೆ ಒರೆಸಿ ಡಬ್ಬಕ್ಕೆ ತುಂಬುತ್ತೇನೆ. ಹೊಸ ಆಪರೇಟರ್ ಒಳ್ಳೆಯವನು. ಬೆಳಿಗ್ಗೆ ಎದುರಾದರೆ "ನಮಸ್ಕಾರ ಮೇಸ್ತ್ರಿ" ಅನ್ನುತ್ತಾನೆ, ಗೌರವದಿಂದಲೇ. ಹಾಗೆ ಕರೆಯಬೇಡ ಎಂದು ಹೇಳಬೇಕೆಂದು ದಿನಾ ಅಂದುಕೊಳ್ಳುತ್ತೇನೆ. ಹೇಳಿಬಿಟ್ಟರೆ ಆಮೇಲೆ ನಾನು ಯಾರು ಎಂಬುದು ತಿಳಿಯದೆ ನಾನೂ "ನಮಸ್ಕಾರ" ಅಂದು ಒರೆಸುವ ಬಟ್ಟೆ ಎತ್ತಿಕೊಳ್ಳುತ್ತೇನೆ.