ಸೀಝನ್ ಮುಗಿಯಲಿ

ಕಾಕನ ಮುಂಗೈಗಳಲ್ಲಿ ಒಂದೇ ಒಂದು ಕೂದಲು ಇರಲಿಲ್ಲ. ಎಷ್ಟೋ ವರ್ಷಗಳ ಬೆಂಕಿ ಎಲ್ಲವನ್ನೂ ಸುಟ್ಟು, ಚರ್ಮ ಬಾಡಿಸಿದ ಬಾಳೆಲೆಯ ಹಾಗೆ ನುಣುಪಾಗಿತ್ತು. ಆ ಬರಿಗೈಯಲ್ಲೇ ಬಿರಿಯಾನಿ ಹಂಡೆಯ ಮುಚ್ಚಳ ಎತ್ತುತ್ತಿದ್ದರು. ಹಿಡಿಯಲು ಬಟ್ಟೆ ಕೊಟ್ಟರೆ ಬೈಗುಳ.

ಅವರು ಪುಂಜಾಲಕಟ್ಟೆಯ ಬ್ಯಾರಿ, ನಾನು ಬೆಳುವಾಯಿಯವನು. ತೊಂಬತ್ತರ ದಶಕದಲ್ಲಿ ಇಬ್ಬರೂ ಮಸ್ಕತ್ತಿನ ಒಂದೇ ಹೋಟೆಲಿನಲ್ಲಿದ್ದೆವು. ಅವರು ಕುಕ್, ನಾನು ಪಾತ್ರೆ ತೊಳೆಯುವವನು. ಮಳೆಗಾಲ ಬಂತೆಂದರೆ ಮಾಲೀಕ ನಮ್ಮನ್ನು ಬಸ್ಸಿನಲ್ಲಿ ತುಂಬಿ ಸಲಾಲಾದ ತನ್ನ ಇನ್ನೊಂದು ಹೋಟೆಲಿಗೆ ಸಾಗಿಸುತ್ತಿದ್ದ. ಸುತ್ತಲಿನ ಮರಳುಗಾಡಿನಿಂದ ಜನ ಸಂಸಾರ ಸಮೇತ ಅಲ್ಲಿಗೆ ಮಳೆ ನೋಡಲು ಬರುತ್ತಿದ್ದರು. ಕಾರಿನ ಕಿಟಕಿ ಇಳಿಸಿ, ಕೈ ಹೊರಗೆ ಚಾಚಿ, ಆ ಜಿಟಿಜಿಟಿಗೆ ಖುಷಿಪಡುತ್ತಿದ್ದರು.

"ಇದು ಮಳೆಯಾ ಮಾರಾಯ? ನಮ್ಮಲ್ಲಿ ಇದಕ್ಕೆ ಕೊಡೆ ಬಿಡಿಸಿದರೆ ನಗ್ತಾರೆ" ಎನ್ನುತ್ತಿದ್ದರು ಕಾಕ. ಬರೀ ತಮಾಷೆಯಲ್ಲ ಅದು. ಸೀಝನ್‌ನಲ್ಲಿ ಯಾರಿಗೂ ರಜೆ ಇರಲಿಲ್ಲ, ಊರಿನ ಮಳೆಗಾಲವೂ ಅದೇ ತಿಂಗಳುಗಳಲ್ಲಿ. ಗಲ್ಫಿಗೆ ಬಂದ ಮೇಲೆ ಅವರು ಊರಿನ ಮಳೆ ಕಂಡೇ ಇರಲಿಲ್ಲ.

ನನ್ನನ್ನು ಪಾತ್ರೆಗಳ ನಡುವಿನಿಂದ ಎಬ್ಬಿಸಿ ಅಡುಗೆ ಕಲಿಸಿದವರು ಅವರು. "ಒಲೆಗೆ ಬೆನ್ನು ಹಾಕಬೇಡ" ಎಂಬುದೊಂದೇ ಪಾಠ. ಈರುಳ್ಳಿ ಹೆಚ್ಚುತ್ತಾ ಆಚೆ ತಿರುಗಿದರೆ ಸೌಟಿನ ಹಿಡಿಯಿಂದ ಭುಜಕ್ಕೆ ತಟ್ಟಿ ಈಚೆ ತಿರುಗಿಸುತ್ತಿದ್ದರು.

ಒಂದು ಸೀಝನ್‌ನ ನಡುವೆ ಊರಿನಲ್ಲಿ ಅವರ ತಾಯಿ, ಉಮ್ಮ, ಹಾಸಿಗೆ ಹಿಡಿದ ಸುದ್ದಿ ಬಂತು. ನಮ್ಮೆಲ್ಲರ ಪಾಸ್‌ಪೋರ್ಟ್ ಮ್ಯಾನೇಜರನ ಕಪಾಟಿನಲ್ಲಿರುತ್ತಿತ್ತು. ಕಾಕ ಹೋಗಿ ಕೇಳಿದರು. ಅವನೇನು ಅರಬನಲ್ಲ, ನಮ್ಮದೇ ಜಿಲ್ಲೆಯವನು, ತುಳು ಮಾತಾಡುವವನು. ಪರದೇಶದಲ್ಲಿ ನಮ್ಮವನೊಬ್ಬ ಸಿಕ್ಕಿದ ಎಂದು ಹಿಗ್ಗಿದವರು ನಾವು. "ಸೀಝನ್ ಮುಗಿಯಲಿ ಕಾಕ, ಮೊದಲ ವಿಮಾನಕ್ಕೇ ಕಳಿಸ್ತೇನೆ" ಎಂದ, ಬಹಳ ಮರ್ಯಾದೆಯಿಂದ. ಆ ಮರ್ಯಾದೆ ನೆನೆದರೆ ಈಗಲೂ ಮೈ ಉರಿಯುತ್ತದೆ.

ಉಮ್ಮ ಸೀಝನ್ ಮುಗಿಯುವ ತನಕ ಕಾಯಲಿಲ್ಲ. ಫೋನ್ ಬಂದಾಗ ಬಿರಿಯಾನಿ ದಮ್ಮಿನಲ್ಲಿತ್ತು, ಹೊರಗೆ ಜನ ಊಟಕ್ಕೆ ಕೂತಿದ್ದರು. ಕಾಕ ಪಾತ್ರೆ ತೊಳೆಯುವ ನಳ್ಳಿಯಲ್ಲಿ ಕೈಕಾಲು ಮುಖ ತೊಳೆದರು. "ನೀನು ಒಲೆ ನೋಡು" ಎಂದು ನನಗೆ ಹೇಳಿ ಉಗ್ರಾಣಕ್ಕೆ ನಡೆದರು. ಅಕ್ಕಿ ಮೂಟೆಗಳ ನಡುವೆ ಅವರು ಮುಂದೆ, ಕೇರಳದ ಇಬ್ಬರು ಸಪ್ಲಾಯರ್‌ಗಳು ಹಿಂದೆ. ಬಗ್ಗಲಿಲ್ಲ, ಕೂರಲಿಲ್ಲ, ನಿಂತೇ ಮುಗಿಸಿದರು. ವಾಪಸು ಬಂದು ಮುಚ್ಚಳ ತೆಗೆದು ಬಿರಿಯಾನಿ ಹೊರಗೆ ಕಳಿಸಿದರು.

ಏನದು ಎಂದು ಸಂಜೆ ಕೇಳಿದೆ. ದೂರದಲ್ಲಿ ತೀರಿಹೋದವರಿಗೆ, ಶವ ಎದುರಿಗಿಲ್ಲದೆಯೇ, ಇದ್ದಲ್ಲಿಂದ ಮಾಡುವ ನಮಾಝ್ ಎಂದರು. ಹಂಡೆಯ ಮುಚ್ಚಳ ಒರೆಸುತ್ತಾ, "ಗಲ್ಫಿಗೆ ಬಂದವರಿಗೆ ಅಂತಲೇ ಇಟ್ಟದ್ದು ಅಂತ ಕಾಣ್ತದೆ" ಎಂದರು.

ಸೀಝನ್ ಮುಗಿದ ಮೇಲೆ ಮ್ಯಾನೇಜರ್ ಮಾತು ಉಳಿಸಿಕೊಂಡ. ಮೊದಲ ವಿಮಾನಕ್ಕೇ ಕಳಿಸಿದ.

ಕೆಲವು ವರ್ಷಗಳ ನಂತರ ಸಕ್ಕರೆ ಕಾಯಿಲೆಯಿಂದ ಕಾಲು ಸೋತು ಕಾಕ ಊರಿಗೆ ಮರಳಿದರು. ಅವರ ಒಲೆ ನನ್ನ ಪಾಲಿಗೆ ಬಂತು. ರಜೆಯಲ್ಲಿ ಪುಂಜಾಲಕಟ್ಟೆಗೆ ಹೋದಾಗಲೆಲ್ಲ, "ಒಮ್ಮೆ ಆಟಿ ತಿಂಗಳಲ್ಲಿ ಬಾ, ಮಳೆ ಅಂದರೆ ಎಂತದ್ದು ಅಂತ ಒಟ್ಟಿಗೆ ನೋಡುವ" ಎನ್ನುತ್ತಿದ್ದರು. ನನಗೆ ರಜೆ ಸಿಗುತ್ತಿದ್ದದ್ದು ಸುಡು ಬಿಸಿಲಿನಲ್ಲಿ.

ಆಟಿಯಲ್ಲೇ ಅವರು ಹೋದರು. ಊರಿನಲ್ಲಿ ಮಳೆ ಹೊಡೆಯುತ್ತಿದೆ ಎಂದು ಫೋನಿನಲ್ಲಿ ಅವರ ಮಗ ಹೇಳಿದ. ನಾನು ಸಲಾಲಾದಲ್ಲಿದ್ದೆ. ಮ್ಯಾನೇಜರನ ಮುಂದೆ ಹೋಗಿ ನಿಂತೆ. ಅದೇ ಮನುಷ್ಯ, ಕೂದಲಿಗೆ ಬಣ್ಣ ಹಚ್ಚಿಕೊಂಡಿದ್ದ. ರಕ್ತಸಂಬಂಧವಾ ಎಂದು ಕೇಳಿದ. ಅಲ್ಲ ಎಂದೆ.

"ಹಾಗಾದರೆ ಸೀಝನ್ ಮುಗಿಯಲಿ" ಎಂದ.

ಅಡುಗೆಮನೆಗೆ ಬಂದು ಕೇರಳದ ಹುಡುಗರಿಗೆ ಹೇಳಿದೆ. ಇವರು ಹೊಸಬರು, ಕಾಕನನ್ನು ಕಂಡವರಲ್ಲ. ಆದರೂ ಕೈಕಾಲು ತೊಳೆದು ಅದೇ ಉಗ್ರಾಣದಲ್ಲಿ ನಮಾಝಿಗೆ ಸಾಲಾಗಿ ನಿಂತರು. ನನಗೆ ಗೊತ್ತಿದ್ದ ಕೆಲಸ ಒಂದೇ. ಒಲೆಗೆ ಬೆನ್ನು ಹಾಕದೆ ನಿಂತೆ. ಬಿರಿಯಾನಿ ತಳ ಹಿಡಿಯಲಿಲ್ಲ, ಮಳೆ ನೋಡಲು ಬಂದವರಿಗೆ ಹೊತ್ತಿಗೆ ಸರಿಯಾಗಿ ಊಟ ಹೋಯಿತು.

ಆ ಒಂದು ದಿನವಾದರೂ ಅದು ತಳ ಹಿಡಿಯಬೇಕಿತ್ತು.