ಬೆಟ್ಟದ ಹೆಸರಿನ ಮೇಲಿದ್ದ ಧೈವತ

ಹುರಿದ ಬಾರ್ಲಿಯ ವಾಸನೆಯನ್ನು ನೀವು ಬಲ್ಲಿರೋ ಇಲ್ಲವೋ ಅರಿಯೆ. ನಮ್ಮ ಹುರಿಹಿಟ್ಟಿನ ವಾಸನೆಗೆ ತುಸು ಹೊಗೆ ಬೆರೆಸಿದಂತಿರುತ್ತದೆ. ಕಳೆದ ಭಾನುವಾರ ಮೊಮ್ಮಗಳು ಮೈತ್ರಿಯ ಜೊತೆ ಸ್ಯಾನ್ ಹೊಸೆಯ ಜಪಾನೀಯರ ಬೀದಿಯಲ್ಲಿ ಹೋಗುತ್ತಿದ್ದಾಗ, ಒಂದು ಅಂಗಡಿಯ ಬಾಗಿಲಿನಿಂದ ಆ ವಾಸನೆ ಹೊರಟು ನನ್ನನ್ನು ನಿಂತಲ್ಲೇ ನಿಲ್ಲಿಸಿತು. ಮೈತ್ರಿ ನಾಲ್ಕು ಹೆಜ್ಜೆ ಮುಂದೆ ಹೋದವಳು ತಿರುಗಿ ನೋಡಿದಳು. ನಾನು ಮಾತ್ರ ಸಚಿಕೊ ಅವರ ಮನೆಯ ಹಿತ್ತಲಿನಲ್ಲಿದ್ದೆ.

ಸಚಿಕೊ ಅವರು ನಮ್ಮ ಪಕ್ಕದ ಮನೆಯವರು. ನನಗಿಂತ ಆರು ವರ್ಷ ಹಿರಿಯರು. ಮೈಸೂರಿನಲ್ಲಿ ನಲವತ್ತು ವರ್ಷ ಸಂಗೀತ ಪಾಠ ಹೇಳಿದ ನಾನು ಅಮೆರಿಕದ ಈ ಮಗಳ ಮನೆಗೆ ಬಂದ ಮೇಲೂ ಬೆಳಗಿನ ಪೂಜೆಯಲ್ಲಿ ಎರಡು ದೇವರನಾಮ ಹಾಡದೆ ತೀರ್ಥ ತೆಗೆದುಕೊಂಡವನಲ್ಲ. ಒಂದು ದಿನ ಪೂಜೆ ಮುಗಿಸಿ ಹೊರಬಂದಾಗ ಬೇಲಿಯ ಆಚೆ ಸಚಿಕೊ ಅವರು ಕೈಮುಗಿದು ನಿಂತಿದ್ದರು. ಪಕ್ಕದಲ್ಲಿ ಹುರಿದ ಬಾರ್ಲಿಯ ಕಷಾಯ ತುಂಬಿದ ಹೂಜಿ. ನನ್ನ ವೃತ್ತಿಯನ್ನು ಕೇಳಿ ತಿಳಿದು, ಸೊಂಟ ಬಾಗಿಸಿ "ಸೆನ್ಸೇ" ಎಂದರು. ಗುರುಗಳೇ ಎಂದು ಅರ್ಥವಂತೆ. ನಾನೇನೋ ಹೇಳಿದೆ, ಅದಕ್ಕೆ "ಹಾಯ್" ಎಂದರು. ಇಂಗ್ಲಿಷಿನ ಕುಶಲಪ್ರಶ್ನೆ ಇರಬೇಕೆಂದು ನಾನೂ ಗಂಭೀರವಾಗಿ "ಹಾಯ್" ಎಂದೆ. ಮೈತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ತಾತಾ, ಅದು ಹಲೋ ಅಲ್ಲ. ಜಪನೀಸಲ್ಲಿ ಹಾಯ್ ಅಂದ್ರೆ ಯೆಸ್!"

ಯೆಸ್ ಎಂಬ ಆ ಅರ್ಥವನ್ನೇ ನಂಬಿಕೊಂಡದ್ದು ನನ್ನ ದುರದೃಷ್ಟ.

ತಿದ್ದುವುದು ನನ್ನ ಹುಟ್ಟುಗುಣವೆಂದು ಮನೆಯವರ ಅಭಿಪ್ರಾಯ. ಇಲ್ಲಿಯ ಭಜನಾಮಂಡಳಿಯಲ್ಲಿ ನಾನು ಕಾಲಿಟ್ಟರೆ ತಾಳಗಳೂ ಮೆತ್ತಗಾಗುತ್ತಿದ್ದವು. ಮೈಕ್ರೋವೇವಿನ ಕೂಗು ಶ್ರುತಿಗೆ ಸೇರದೆಂದು ಮಗಳಲ್ಲಿ ದೂರು ಕೊಟ್ಟು ನಗೆಪಾಟಲಾದವನು ನಾನು. ನಾದವು ಭಗವಂತನ ಸ್ವರೂಪವಾದ್ದರಿಂದ ಅಪಸ್ವರವನ್ನು ಸಹಿಸುವುದು ಅಪಚಾರವೆಂದು ನನ್ನ ಗುರುಗಳು ಹೇಳಿಕೊಟ್ಟಿದ್ದರು. ಆ ಮಾತನ್ನು ನಾನು ಜಪದಂತೆ ಕಾಪಾಡಿಕೊಂಡಿದ್ದೆ.

ಸಚಿಕೊ ಅವರ ಊರು ಉತ್ತರ ಜಪಾನಿನ ಒಂದು ಕಣಿವೆಯಲ್ಲಿತ್ತು. ಇತ್ತು ಎನ್ನಬೇಕು, ಅವರು ಮದುವೆಯಾಗಿ ಈ ದೇಶಕ್ಕೆ ಬಂದ ಮೇಲೆ ಅಣೆಕಟ್ಟಿನ ನೀರು ಅದನ್ನು ಮುಳುಗಿಸಿತು. ಅವರ ನಾಡಿನಲ್ಲಿ ಸೀಮೆಸೀಮೆಗೂ ತನ್ನ ಬೆಟ್ಟ, ಹೊಳೆ, ಹಿಮಗಳನ್ನು ಕೊಂಡಾಡುವ ಹಾಡುಗಳಿವೆಯಂತೆ. ಕೇಳಿದಾಗ ನಮ್ಮ ಸ್ಥಳಮಹಾತ್ಮ್ಯೆಗಳೇ ನೆನಪಾದವು. ಅವರ ಊರಿಗೂ ಶಾಲೆಯ ಮೇಷ್ಟರೊಬ್ಬರು ಕಟ್ಟಿದ ಹಾಡಿತ್ತು. ವಸಂತದಲ್ಲಿ ಅಲ್ಲಿಯ ಬೆಟ್ಟದ ಹಿಮ ಕರಗುತ್ತ ಕರಗುತ್ತ ಕುದುರೆಯ ಆಕಾರ ಮೂಡುತ್ತದೆ. ಕುದುರೆ ಕಂಡ ದಿನ ಗದ್ದೆಗೆ ಇಳಿಯಬೇಕು. ಹಾಡಿನ ತುಂಬ ಆ ಕುದುರೆ, ಆ ಗದ್ದೆ. ಪ್ರತಿ ನುಡಿಯ ಕೊನೆಗೆ ಆ ಬೆಟ್ಟದ ಹೆಸರು.

ಒಂದು ಚಳಿಗಾಲ ಸ್ಯಾನ್ ಹೊಸೆಯ ಪೂರ್ವದ ಬೆಟ್ಟಗಳ ನೆತ್ತಿಗೆ ಅಪರೂಪಕ್ಕೆ ಹಿಮ ಬಿತ್ತು. ಸಚಿಕೊ ಅವರು ಹಿತ್ತಲಿನಲ್ಲಿ ಕುರ್ಚಿ ಹಾಕಿಕೊಂಡು ಅದನ್ನೇ ನೋಡುತ್ತಿದ್ದರು. "ಕುದುರೆ ಬಂತೇ?" ಎಂದೆ. "ಈ ಬೆಟ್ಟಕ್ಕೆ ಅಷ್ಟು ತಾಳ್ಮೆ ಇಲ್ಲ, ಸೆನ್ಸೇ. ಮಧ್ಯಾಹ್ನಕ್ಕೇ ಕರಗಿಬಿಡುತ್ತೆ" ಎಂದು ನಕ್ಕರು.

ಆ ವಸಂತದಲ್ಲೇ ಅವರ ತಂಗಿಯಿಂದ ಕಾಗದ ಬಂತು. ಚದುರಿಹೋದ ಊರಿನವರು ವರ್ಷಕ್ಕೊಮ್ಮೆ ಆ ಜಲಾಶಯದ ದಡದಲ್ಲಿ ಸೇರುತ್ತಾರೆ. ಹಾಡಿನ ಮಾತು ಕಾಗದದ ಮೇಲಿದೆ, ಧಾಟಿ ಪೂರ್ತಿಯಾಗಿ ಬಲ್ಲವರು ಯಾರೂ ಉಳಿದಿಲ್ಲ. ಅಕ್ಕ ಹಾಡಿ ಕಳಿಸಿದರೆ ಮಕ್ಕಳಿಗೆ ಕಲಿಸಬಹುದು. ಸಚಿಕೊ ಅವರು ನಾಚುತ್ತ ನಮ್ಮ ಮನೆಗೆ ಬಂದರು. ನನ್ನ ತಂಬೂರಿಪೆಟ್ಟಿಗೆಯ ಶ್ರುತಿ ಇದ್ದರೆ ಧೈರ್ಯವೆಂದರು. ಮೈತ್ರಿ ಫೋನು ಹಿಡಿದು ಕುಳಿತಳು.

ಹಾಡು ಐದೇ ಸ್ವರಗಳದ್ದು, ನಮ್ಮ ಶಿವರಂಜನಿಗೆ ದೂರದ ನಂಟು. ಆದರೆ ಬೆಟ್ಟದ ಹೆಸರು ಬಂದಾಗ ಧೈವತ, ಸರಿಗಮದ ಆರನೆಯ ಸ್ವರ, ಕೆಳಗೆ ಜಾರಿತು. ಕೆಳಗಿನ ಶುದ್ಧ ಧೈವತವನ್ನೂ ಮುಟ್ಟದೆ, ಮೇಲಿನ ಚತುಶ್ರುತಿಗೂ ಏರದೆ, ನಡುವೆ ಎಲ್ಲೋ ನಿಂತಿತು. ನಾನು ಕೈ ಎತ್ತಿದೆ.

"ಆ ಸ್ವರ ಇಳಿಯುತ್ತಿದೆ, ಸಚಿಕೊ ಅವರೇ. ಇಲ್ಲಿ ನಿಲ್ಲಬೇಕು" ಎಂದು ಹಾಡಿ ತೋರಿಸಿದೆ.

"ಹಾಯ್, ಸೆನ್ಸೇ."

ಎರಡನೆಯ ಬಾರಿಯೂ ಇಳಿಯಿತು. ಮೂರನೆಯ ಬಾರಿಯೂ. ನಾನು ತಿದ್ದಿದಾಗಲೆಲ್ಲ ಅದೇ "ಹಾಯ್." ಮೈತ್ರಿ ತಡೆಯಲಾರದೆ, "ತಾತಾ, ಮೇಬಿ ಅದು ಹಾಗೇ ಇದೆಯೇನೋ?" ಎಂದಳು. "ನಿನಗೇನು ಗೊತ್ತು, ಸುಮ್ಮನಿರು. ತಪ್ಪಿದ್ದನ್ನೆಲ್ಲ ಅಳಿಸಿಬಿಡು" ಎಂದೆ. ಸಚಿಕೊ ಅವರು ತಂಬೂರಿಪೆಟ್ಟಿಗೆಯನ್ನು ತಮ್ಮ ಹತ್ತಿರಕ್ಕೆ ಎಳೆದುಕೊಂಡರು. ನಾಲ್ಕನೆಯ ಬಾರಿ ಸ್ವರ ನಾನು ತೋರಿಸಿದ ಜಾಗದಲ್ಲಿ ನಿಂತಿತು. ನಾನು "ಭೇಷ್" ಎಂದೆ. ಮೈತ್ರಿ ಉಳಿದವನ್ನು ಅಳಿಸಿ ಅದೊಂದನ್ನೇ ಜಪಾನಿಗೆ ಕಳಿಸಿದಳು. ಸಚಿಕೊ ಅವರು ಬಾಗಿ ನಮಸ್ಕರಿಸಿ ಹೊರಟರು. ಆ ದಿನ ನಮ್ಮೊಡನೆ ಎಂದಿನ ಬಾರ್ಲಿ ಕಷಾಯ ಕುಡಿಯಲು ಕೂರಲಿಲ್ಲವೆಂಬುದು ಆಮೇಲೆ ಹೊಳೆದ ಸಂಗತಿ.

ತಿಂಗಳು ಕಳೆಯುವುದರೊಳಗೆ ಅವರಿಗೆ ಲಕ್ವ ಹೊಡೆಯಿತು. ಆಸ್ಪತ್ರೆಯಿಂದ ಆರೈಕೆಯ ಮನೆಗೆ ಸಾಗಿಸಿದರು. ಅದಾದ ಮೇಲೆ ಒಂದು ಸಂಜೆ ಫಾಸ್ಟರ್ ಸಿಟಿಯಲ್ಲಿರುವ ಅವರ ಮಗಳು ಎಮಿ ಒಂದು ಕಾಗದ ಹಿಡಿದು ನಮ್ಮಲ್ಲಿಗೆ ಬಂದಳು. ಲಕ್ವದ ಸುದ್ದಿ ತಲುಪುವ ಮೊದಲು ಅವಳ ಚಿಕ್ಕಮ್ಮ ಬರೆದದ್ದು. ಎಮಿ ಇಂಗ್ಲಿಷಿನಲ್ಲಿ ಓದಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: "ಅಕ್ಕಾ, ನಿನ್ನ ದನಿ ಕೇಳಿ ಎಲ್ಲರೂ ಅತ್ತೆವು. ಆದರೆ ಬೆಟ್ಟ ಮಾತ್ರ ನಮ್ಮದಲ್ಲ. ಹೇಗಿತ್ತೆಂದು ನಮಗೂ ಹೇಳಲು ಬರುತ್ತಿಲ್ಲ. ಹೀಗಿರಲಿಲ್ಲ ಎಂದಷ್ಟೇ ಗೊತ್ತು. ಇನ್ನೊಮ್ಮೆ ಹಾಡುತ್ತೀಯಾ?"

ಎಮಿಗೆ ಹಾಡು ಬಾರದು. ಮೈತ್ರಿಯಂತೆ ಅವಳೂ ತಾಯಿಯ ಭಾಷೆಗೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಬೆಳೆದವಳು. ಆ ಸ್ವರ ತಿದ್ದಿಸಿದವನು ನಾನೇ ಎಂದು ತಡವರಿಸಿದೆ. "ಅವರು ಒಪ್ಪಿದ್ದರಲ್ಲ? ಮೂರು ಸಲವೂ ಹಾಯ್ ಎಂದರಲ್ಲ?"

ಎಮಿ ನನ್ನನ್ನು ಬೈಯಲಿಲ್ಲ. "ಹಾಯ್ ಅಂದರೆ ಒಪ್ಪಿದೆ ಅಂತಲೇ ಆಗಬೇಕಿಲ್ಲ. ಕೇಳಿಸಿಕೊಂಡೆ ಅಂತ, ಅಷ್ಟೆ. ಅಮ್ಮ ಸೆನ್ಸೇಗೆ ಇಲ್ಲ ಅನ್ನೋಳಲ್ಲ" ಎಂದಳು.

ಅಜ್ಜಿ ಕಥೆ ಹೇಳುವಾಗ ಹೂಂಗುಟ್ಟುತ್ತ ಬೆಳೆದವನಿಗೆ ಇದನ್ನು ಇನ್ನೊಬ್ಬರು ಹೇಳಿಕೊಡಬೇಕಾಯಿತು. ರಾಕ್ಷಸ ರಾಜಕುಮಾರಿಯನ್ನು ಹೊತ್ತೊಯ್ದ ಎಂದಾಗ ನಾವು ಹೂಂ ಎಂದದ್ದು ರಾಕ್ಷಸನನ್ನು ಒಪ್ಪಿಕೊಂಡೇ?

ಮರುದಿನ ತಂಬೂರಿಪೆಟ್ಟಿಗೆ ಹಿಡಿದು ಆರೈಕೆಯ ಮನೆಗೆ ಹೋದೆ. ಅವರ ಬಲಗೈ ಬಿದ್ದಿತ್ತು; ಮಾತು ಹೋಗಿತ್ತು. ಮಂಚದ ಪಕ್ಕ ಕುಳಿತು ಹಾಡಿನ ಆ ಸಾಲನ್ನು ಹಾಡಿದೆ, ಧೈವತವನ್ನು ಎಳೆಯಷ್ಟು ಇಳಿಸಿ. "ಇದೇ?" ಎಂದೆ.

"ಹಾಯ್."

ಇನ್ನೂ ಇಳಿಸಿದೆ. "ಹಾಯ್." ಏರಿಸಿದೆ. "ಹಾಯ್." ಬೇಕೆಂದೇ ನಾನು ತಿದ್ದಿದ ಸ್ವರವನ್ನು ಹಾಡಿದೆ. ಅದಕ್ಕೂ ಅಷ್ಟೇ ಮೃದುವಾಗಿ "ಹಾಯ್." ಉಳಿದಿದ್ದ ಮಾತು ಅದೊಂದೇ ಎಂದು ದಾದಿ ಹೇಳಿದಳು. ಮುಂದಿನ ಮಾಘದಲ್ಲಿ ಅವರು ತೀರಿಕೊಂಡರು.

ಈಗ ಜಲಾಶಯದ ದಡದಲ್ಲಿ ಮಕ್ಕಳು ಆ ಧ್ವನಿಮುದ್ರಣ ಕೇಳಿಯೇ ಹಾಡು ಕಲಿತಿದ್ದಾರೆಂದು ಎಮಿ ತಿಳಿಸಿದ್ದಾಳೆ. ಊರನ್ನು ನೀರು ಮುಳುಗಿಸಿತು. ಉಳಿದ ಬೆಟ್ಟವನ್ನು ನಾನು ಮುಳುಗಿಸಿದೆ. ಅದರ ಹೆಸರನ್ನು ಇಲ್ಲಿ ಬರೆಯುವ ಯೋಗ್ಯತೆ ನನಗಿಲ್ಲ. ದಿನವೂ ದೇವರ ಮುಂದೆ ಕುಳಿತು ಅವರ ಆ ಮೊದಲ ಸ್ವರವನ್ನು ನೆನೆಯಲು ಹೆಣಗುತ್ತೇನೆ. ಮೂರು ಬಾರಿ ಕೇಳಿದ್ದೆನಲ್ಲ! ನಲವತ್ತು ವರ್ಷ ಪಳಗಿದ ಈ ಕಿವಿ ಅದನ್ನು ತಪ್ಪೆಂದೇ ಕೇಳಿತು, ತಪ್ಪನ್ನು ನೆನಪಿನಲ್ಲಿಡುವ ಅಭ್ಯಾಸ ಅದಕ್ಕಿಲ್ಲ. ಕ್ಷಮೆ ಕೇಳಬೇಕೆಂದರೂ ಯಾವ ಶ್ರುತಿಯಲ್ಲಿ ಕೇಳಲಿ? ಭಜನಾಮಂಡಳಿಗೆ ಹೋಗುವುದನ್ನು ಬಿಟ್ಟಿದ್ದೇನೆ.

ಅಂಗಡಿಯವನು ಬಾರ್ಲಿಯನ್ನು ಕಾಗದದ ಚೀಲಕ್ಕೆ ಸುರಿಯುತ್ತಿದ್ದ. ಮೈತ್ರಿ ಹಿಂದಕ್ಕೆ ಬಂದು ನನ್ನ ತೋಳು ಹಿಡಿದಳು.

"ತಾತಾ, ಆರ್ ಯು ಓಕೆ?"

"ಹೂಂ" ಎಂದೆ.