ಕ್ಷುಲ್ಲಕ ಕಾರಣಕ್ಕೆ

ನಮ್ಮ ಇಲಾಖೆಯಲ್ಲಿ ರೈಟರ್ ಎಂದರೆ ಸಾಹಿತಿಯಲ್ಲ. ಠಾಣೆಯಲ್ಲಿ ಕೂತು ದೂರು, ಹೇಳಿಕೆ, ಮಹಜರು ಬರೆಯುವ ಪೊಲೀಸನಿಗೆ ಆ ಹೆಸರು. ವರ್ಷಗಟ್ಟಲೆ ಆ ಕೆಲಸ ಮಾಡಿ ಆಮೇಲೆ ಸಬ್ ಇನ್ಸ್‌ಪೆಕ್ಟರ್ ಆದವನು ನಾನು. ನ್ಯಾಯ ಸಿಗದವರ ಬಗ್ಗೆ ಮೂರು ಪುಸ್ತಕಗಳನ್ನೂ ಬರೆದಿದ್ದೇನೆ. ಮೂರನೆಯದರ ಬಗ್ಗೆ ಮಾತಾಡಲು ಗೌರಿಬಿದನೂರಿಗೆ ಕರೆದಿದ್ದರು. ನಿರೂಪಕರು ಮೈಕಿನಲ್ಲಿ "ಪೊಲೀಸ್ ಇಲಾಖೆಯ ಹೆಸರಾಂತ ರೈಟರ್" ಎಂದುಬಿಟ್ಟರು.

ಶಾಲು ಹೊದಿಸುವುದು ಮುಗಿಯುವಷ್ಟರಲ್ಲಿ ಒಬ್ಬ ಹೆಂಗಸು ವೇದಿಕೆಯ ಮೆಟ್ಟಿಲ ಬಳಿ ಬಂದು ನಿಂತಿದ್ದರು. ನಲವತ್ತು ದಾಟಿದ ಅಂಗನವಾಡಿ ಸಹಾಯಕಿ. ಕೈಯಲ್ಲಿ ಮಡಿಸಿದ ಕಾಗದ.

"ರೈಟರ್ ಸಾರ್, ನನ್ ದೂರು ಒಂಚೂರು ಸರಿಯಾಗಿ ಬರ್ಕೊಡ್ತೀರಾ? ನಮ್ ಸ್ಟೇಷನ್ ರೈಟ್ರು ಏನೇನೋ ಬರ್ದವ್ರೆ."

ಸಂಘಟಕರು ನಕ್ಕರು. "ಅಮ್ಮಾ, ಇವ್ರು ಆ ರೈಟರ್ ಅಲ್ಲ. ಪುಸ್ತಕ ಬರಿಯೋ ರೈಟರ್."

"ಪುಸ್ತಕಾನೇ ಬರಿಯೋರ್ಗೆ ಒಂದು ಹಾಳೆ ಬರಿಯೋದು ಕಷ್ಟಾನಾ?"

ಕಾಗದ ಬಿಡಿಸಿದೆ. ಠಾಣೆಯಿಂದ ಕೊಟ್ಟ ಹಿಂಬರಹ. "ನೀರು ಹಿಡಿಯುವ ಕ್ಷುಲ್ಲಕ ಕಾರಣಕ್ಕೆ ಮಾತಿನ ಚಕಮಕಿ ನಡೆದಿದ್ದು, ಉಭಯತ್ರರಿಗೂ ಬುದ್ಧಿವಾದ ಹೇಳಿ ಕಳುಹಿಸಲಾಗಿದೆ." ಕೇಸಿಲ್ಲ, ಎಫ್‌ಐಆರ್ ಇಲ್ಲ.

ನಡೆದದ್ದು ಬೇರೆ. ಊರಿನ ಶುದ್ಧ ನೀರಿನ ಘಟಕದಲ್ಲಿ ಈಕೆಯ ಕ್ಯಾನು ಸಾಲಿನಲ್ಲಿ ಮುಂದಿತ್ತು. ಹಿಂದಿನಿಂದ ಬಂದ ದೊಡ್ಡ ಮನೆಯವನೊಬ್ಬ ಅದನ್ನು ಒದ್ದು, ಜಾತಿ ಹಿಡಿದು ಬೈದು, ಕೆನ್ನೆಗೆ ಬಾರಿಸಿದ್ದ. ಊರವರು ನೋಡುತ್ತ ನಿಂತಿದ್ದರು.

ಇದು ಕ್ಷುಲ್ಲಕವೇ? ಮೈ ಉರಿಯಿತು. ಆದರೆ ಈ ಪದದ ಹುಟ್ಟು ನನಗೆ ಚೆನ್ನಾಗಿ ಗೊತ್ತು. ನನಗೆ ಕೆಲಸ ಕಲಿಸಿದ ಹಿರಿಯರು ಹೇಳುತ್ತಿದ್ದರು: "ಮೊದಲ್ನೇ ಸಾಲಲ್ಲೇ ಕ್ಷುಲ್ಲಕ ಅಂತ ಹಾಕಪ್ಪ, ಕೇಸು ಅಲ್ಲೇ ಮಲಗ್ತದೆ." ಹಾಗೆ ಎಷ್ಟು ಕೇಸುಗಳನ್ನು ನಾನೇ ಮಲಗಿಸಿದ್ದೇನೋ. ಏಟು ತಿಂದವರ ಬಾಯಲ್ಲಿ ಆ ಪದ ಒಂದು ದಿನವೂ ಬಂದದ್ದನ್ನು ಕೇಳಿಲ್ಲ. ಅದು ಬರೆಯುವವನ ಪದ.

ಆಕೆಯೊಡನೆ ಠಾಣೆಗೆ ಹೋದೆ. ಯಾವ ಠಾಣೆ ಎನ್ನುವುದು ಬೇಡ. ಅಲ್ಲಿಯ ಅಧಿಕಾರಿ ಹಿಂದೆ ನನ್ನ ಜೊತೆ ಇದ್ದವರೇ.

"ಏನ್ ಸಾರ್, ಪುಸ್ತಕ ಬರ್ದು ಬರ್ದು ಆ ಕಡೆ ಪಾರ್ಟಿ ಆಗ್ಬಿಟ್ರಾ?" ಎಂದು ನಕ್ಕು ಟೀ ತರಿಸಿದರು. "ಅಟ್ರಾಸಿಟಿ ಹಾಕಿದ್ರೆ ಡಿವೈಎಸ್ಪಿ ಸಾಹೇಬ್ರೇ ತನಿಖೆಗೆ ಬರ್ತಾರೆ, ಊರೆಲ್ಲಾ ಬಂದು ನನ್ ಮುಂದೆ ಕೂತ್ಕೊಳ್ತದೆ. ಹೊಡೆದಿದ್ದು ಹಾಕಣ, ಬೈದಿದ್ದು ಬಿಡಣ. ಏನಂತೀರಾ?"

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಅಮ್ಮನ ಜೊತೆ ರೇಷ್ಮೆಗೂಡು ಮಾರುತ್ತಾ ಚೌಕಾಸಿ ಕಲಿತವನು ನಾನು. ಸಿಕ್ಕಿದ್ದನ್ನು ಮೊದಲು ಹಿಡಿ, ಮಿಕ್ಕಿದ್ದಕ್ಕೆ ಆಮೇಲೆ ಎಳೆದಾಡು. ಆ ಬುದ್ಧಿಯಿಂದಲೇ ಇಲ್ಲಿಯವರೆಗೆ ಬಂದಿದ್ದೇನೆ. ಆಕೆಯನ್ನು ಹೊರಗೆ ಕರೆದು, "ಒಪ್ಕೊಳಮ್ಮ, ಮೊದ್ಲು ಎಫ್‌ಐಆರ್ ಆಗ್ಲಿ" ಎಂದೆ.

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಏಟು ಎರಡು ದಿನಕ್ಕೆ ಹೋಯ್ತು ಸಾರ್. ಮಾತು ಹೋಗ್ಲಿಲ್ಲ. ಏಟು ಇಟ್ಕೊಂಡು ಮಾತು ಬಿಟ್ಕೊಡು ಅಂತೀರಲ್ಲ, ಇದೇನ್ ಚಿಂತಾಮಣಿ ಮಂಡಿ ಟೊಮೇಟೊ ಬಾಕ್ಸಾ?"

ಮೂರು ಪುಸ್ತಕ ಬರೆದವನಿಗೆ ತಲೆ ಎತ್ತಲಾಗಲಿಲ್ಲ. ಒಳಗೆ ಹೋಗಿ ಹೇಳಿದೆ: "ಪೂರ್ತಿ ಬರಿಸ್ಬೇಕು. ಇಲ್ಲಾಂದ್ರೆ ಈ ಹಿಂಬರಹ ಹಿಡ್ಕೊಂಡು ಇಬ್ರೂ ಚಿಕ್ಕಬಳ್ಳಾಪುರಕ್ಕೆ, ಎಸ್ಪಿ ಸಾಹೇಬ್ರ ಹತ್ರ ಹೋಗ್ತೀವಿ. ಕೇಸ್ ತಗೊಳ್ದಿರೋ ಅಧಿಕಾರಿ ಮೇಲೂ ಅದೇ ಅಟ್ರಾಸಿಟಿ ಕಾಯ್ದೇಲಿ ಕೇಸಾಗ್ತದೆ. ನಿಮಗೆ ನಾನು ಹೇಳ್ಬೇಕಾ?"

ನಗು ನಿಂತಿತು. ರೈಟರ್‌ನನ್ನು ಕೂಗಿದರು.

ಆಕೆ ಹೇಳುತ್ತಾ ಹೋದರು, ಅವನು ಕಂಪ್ಯೂಟರಿನಲ್ಲಿ ಒತ್ತುತ್ತಾ ಹೋದ. ಬೈಗುಳದ ಹತ್ತಿರ ಬೆರಳುಗಳು ನಿಂತವು.

"ಇದನ್ನ ಹಂಗೇ ಬರೀಬೇಕಾ ಸಾರ್? ಅಸಹ್ಯ."

"ಬರಿಯೋಕೇ ಅಸಹ್ಯ ಆಯ್ತಾ ನಿಂಗೆ?" ಎಂದರು ಆಕೆ. "ಅನ್ನಿಸ್ಕೊಂಡೋಳು ನಾನು ಕಣಪ್ಪ."

ಅವನು ಬರೆದ.

ಠಾಣೆಯ ಮೆಟ್ಟಿಲು ಹತ್ತುವವರಿಗೆ ಒಂದೇ ಮಾತು ಹೇಳುತ್ತೇನೆ, ಪುಸ್ತಕ ಕೊಳ್ಳದಿದ್ದರೂ ಪರವಾಗಿಲ್ಲ: ನಿಮ್ಮ ಬಾಯಿಂದ ಬಾರದ ಪದ ನಿಮ್ಮ ದೂರಿನಲ್ಲಿ ಇರಕೂಡದು. ಚೌಕಾಸಿ ಮಾಡಲು ಹೊರಟ ನನ್ನಂಥವರನ್ನೂ ನಂಬಬೇಡಿ. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು, ಕೇಳಿ ಇಸಿದುಕೊಳ್ಳಿ.

ಮುದ್ರಿಸಿದ ಹಾಳೆಯ ಕೊನೆಗೆ ಎಂದಿನ ಸಾಲಿತ್ತು: "ಓದಿಸಿ ಕೇಳಿದೆ, ಸರಿಯಿದೆ." ಆಕೆ ಬೆರಳಿಟ್ಟು ಮೊದಲಿನಿಂದ ಓದಿದರು. ಪೆನ್ನು ತೆಗೆದುಕೊಂಡು "ಓದಿಸಿ ಕೇಳಿದೆ" ಎಂಬುದನ್ನು ಹೊಡೆದುಹಾಕಿ, ಮೇಲೆ "ನಾನೇ ಓದಿದೆ" ಎಂದು ಬರೆದರು.

"ಸಾರ್, ಹಿಂಗೆಲ್ಲಾ ತಿದ್ದಂಗಿಲ್ಲ..." ಎಂದ ರೈಟರ್.

ಆಕೆ ಸಹಿ ಮಾಡಿ ಕೈ ಚಾಚಿದರು. "ನನ್ ಕಾಪಿ ಕೊಡಪ್ಪ, ಬಸ್ಸಿಗೆ ಹೊತ್ತಾಯ್ತು."